ಮೂರು ಸುತ್ತು ಚುಟ್ಟಿ

ಕಳೆದ ಮಾರ್ಚಿನಲ್ಲಿ ಕುಂಬಳೆಯ ಹತ್ತಿರ ಒಂದು ಯಕ್ಷಗಾನ ಬಯಲಾಟ ಇತ್ತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಸೋದರಳಿಯ ರಜೆಗೆ ಬಂದಿದ್ದವನು "ಮಾವ, ನಾನೂ ಬರ್ತೇನೆ" ಎಂದು ಬೈಕಿನ ಹಿಂದೆ ಹತ್ತಿದ. ಆಟಕ್ಕೆ ಹೋದರೆ ನಾನು ಮೊದಲು ನುಗ್ಗುವುದು ಚೌಕಿಗೆ. ರಂಗಸ್ಥಳದ ಎದುರು ಕುರ್ಚಿ ಸಿಗದಿದ್ದರೂ ಅಡ್ಡಿಯಿಲ್ಲ, ಬಣ್ಣ ಹಚ್ಚುವಲ್ಲಿ ಒಂದು ಮೂಲೆ ಸಿಗಬೇಕು. ಮೂವತ್ತೈದು ವರ್ಷಗಳಿಂದ ಹೆಗಲಿಗೊಂದು ಕ್ಯಾಮರಾ ಹಾಕಿಕೊಂಡು ಹೀಗೆ ಚೌಕಿಯ ಮೂಲೆಗಳಲ್ಲಿ ಕೂತಿದ್ದೇನೆ. ಹೊಟ್ಟೆಪಾಡಿಗೆ ಕನ್ನಡ ಶಾಲೆಯ ಮಾಸ್ಟ್ರ ಕೆಲಸ. ಇದು ಮನಸ್ಸಿನ ಖುಷಿಗೆ.

ಆ ದಿನ ಬಣ್ಣದ ವೇಷಕ್ಕೆ, ಅಂದರೆ ರಾಕ್ಷಸನ ಪಾತ್ರಕ್ಕೆ, ಕೂತವರು ನನಗೆ ಹಳೆಯ ಪರಿಚಯದವರು. ಕೆಂಪು, ಕಪ್ಪು ಮುಗಿದಿತ್ತು. ಅಕ್ಕಿಹಿಟ್ಟು, ಸುಣ್ಣ ಕಲಸಿದ ಗೆರಟೆಯಿಂದ ಕಡ್ಡಿಯ ತುದಿಯಲ್ಲಿ ಚೂರು ಚೂರೇ ತೆಗೆದು ಕೆನ್ನೆಯ ಮೇಲೆ ಚುಟ್ಟಿ ಇಡುತ್ತಿದ್ದರು. ನೋಡದವರಿಗಾಗಿ ಹೇಳುತ್ತೇನೆ: ಚುಟ್ಟಿ ಎಂದರೆ ಮುಖದ ಬಣ್ಣದ ಮೇಲೆ ಮುಳ್ಳಿನ ಹಾಗೆ ಎದ್ದು ನಿಲ್ಲುವ ಬಿಳಿ ಚುಕ್ಕಿ. ಒಂದರ ಪಕ್ಕದಲ್ಲಿ ಒಂದು, ಹುಬ್ಬಿನ ಬದಿಯಿಂದ ಹೊರಟು ಕೆನ್ನೆ ಬಳಸಿ ಗಲ್ಲದವರೆಗೆ ಬರುವ ಸಾಲು. ಅದು ಒಣಗಿದ ಮೇಲೆ ಅದರ ಒತ್ತಿಗೆ ಇನ್ನೊಂದು ಸಾಲು. ಗಂಟೆಗಟ್ಟಲೆ ಹಿಡಿಯುವ ಕೆಲಸ. ನಡುವೆ ನಗುವ ಹಾಗಿಲ್ಲ, ಬಾಯಿ ತುಂಬ ಮಾತಾಡುವ ಹಾಗಿಲ್ಲ, ಬಿರುಕು ಬಿಡುತ್ತದೆ. ತಲೆಯ ಮೇಲೆ ಹಳದಿ ಬಲ್ಬೊಂದು ತೂಗುತ್ತಿತ್ತು.

ಅಳಿಯ ಫೋನು ಹಿಡಿದು ಒಂದು ಚಿತ್ರ ತೆಗೆದ. "ನೋಡಿ ಮಾವ, ಎಷ್ಟು ಕ್ಲಿಯರ್ ಬಂದಿದೆ" ಎಂದು ನನಗೆ ತೋರಿಸಿ, ಅವರಿಗೂ ತೋರಿಸಿದ. ಕ್ಲಿಯರ್ ಬಂದದ್ದು ನಿಜವೇ. ಹಳದಿ ಬೆಳಕು ಹೋಗಿ ಹಗಲಿನಂತೆ ಬೆಳ್ಳಗಾಗಿತ್ತು. ಹಿಂದಿನ ಕತ್ತಲಲ್ಲಿದ್ದ ಕಿರೀಟದ ಪೆಟ್ಟಿಗೆ, ಗೋಡೆಗೆ ತೂಗುಹಾಕಿದ ಅಂಗಿ, ಎಲ್ಲ ಕಾಣುತ್ತಿತ್ತು. ಅವರು ಕಡ್ಡಿ ಕೆಳಗಿಟ್ಟು, ಬೆರಳನ್ನು ಪಂಚೆಗೆ ಒರಸಿ, ಎರಡು ಬೆರಳಲ್ಲಿ ಆ ಚಿತ್ರದ ಕೆನ್ನೆಯನ್ನು ಹಿಗ್ಗಿಸಿ ನೋಡಿದರು. ತುಟಿ ಹೆಚ್ಚು ಅಲುಗಿಸದೆ ಕೇಳಿದರು: "ಮೂರು ಸುತ್ತು ಇಟ್ಟದ್ದು ನಾನು. ಇದ್ರಲ್ಲಿ ಒಂದೇ ಉಂಟಲ್ಲ?"

ನಾನೂ ನೋಡಿದೆ. ಚುಕ್ಕಿಗಳ ನಡುವಿನ ಸಂದು ಕರಗಿ, ಮೂರು ಸಾಲೂ ಸೇರಿ, ಸುಣ್ಣ ಬಳಿದಂತೆ ಒಂದು ಬಿಳಿ ಪಟ್ಟಿಯಾಗಿತ್ತು. ಫೋನು ಅದನ್ನೊಂದು ಮುಖ ಎಂದು ಗುರುತಿಸಿದೆ. ಮುಖ ಎಂದರೆ ನುಣ್ಣಗಿರಬೇಕು ಎಂದು ಅದಕ್ಕೆ ಗೊತ್ತು. ಆ ಮುಖದ ಮೇಲಿನ ಮುಳ್ಳುಗಳನ್ನು ಚರ್ಮದ ಒರಟು ಎಂದು ತಿಳಿದು ಉಜ್ಜಿ ಸಪಾಟು ಮಾಡಿದೆ. ಒಬ್ಬ ಕಲಾವಿದ ಸಂಜೆಯಿಂದ ಕೂತು ಮಾಡಿದ ಕೆಲಸ ಕಣ್ಣು ಮುಚ್ಚಿ ತೆರೆಯುವುದರೊಳಗೆ ಅಳಿಸಿಹೋಗಿತ್ತು. ಚಿತ್ರ ಮಾತ್ರ ಚಂದವೇ ಇತ್ತು. ನನ್ನನ್ನು ಕಾಡಿದ್ದು ಅದು.

ಮನೆಗೆ ಬರುವ ದಾರಿಯಲ್ಲಿ ಅಳಿಯನಿಗೆ ಇದನ್ನೇ ಹೇಳುತ್ತ ಬಂದೆ. ಅವನು ಸುಮ್ಮನೆ ಕೇಳಿಸಿಕೊಳ್ಳುವ ಜನ ಅಲ್ಲ. "ಮಾವ, ನೀವು ಕೂಡ ಡಾರ್ಕ್‌ರೂಮಿನಲ್ಲಿ ಬದಲಾಯಿಸ್ತಿದ್ರಲ್ಲ? ಅಮ್ಮನ ಮದುವೆ ಫೋಟೋದಲ್ಲಿ ಅಜ್ಜಿಯ ಮುಖದ ಸಿಡುಬಿನ ಕಲೆಯೇ ಇಲ್ಲ. ಅದು ಯಾರು ತೆಗ್ದದ್ದು?" ಎಂದು ಕೇಳಿದ. ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಉತ್ತರ ಹುಡುಕಲು ನಾನು ನಲವತ್ತು ವರ್ಷ ಹಿಂದಕ್ಕೆ ಹೋಗಬೇಕಾಯಿತು.

ಅಪ್ಪನ ಹತ್ತಿರ ಒಂದು ಆಗ್ಫಾ ಕ್ಲಿಕ್ 3 ಇತ್ತು. 120 ರೋಲು, 12 ಚಿತ್ರ. ಅದರಲ್ಲಿ ಬಿಸಿಲಿಗೊಂದು ಗುರುತು, ಮೋಡಕ್ಕೊಂದು ಗುರುತು; ಬೇರೆ ಲೆಕ್ಕಾಚಾರವೇನೂ ಬೇಡ. ಅಂದರೆ ನಾನು ಹಿಡಿದ ಮೊದಲ ಕ್ಯಾಮರಾವೇ ಅರ್ಧ ತಾನಾಗಿ ನಡೆಯುವಂಥದ್ದು. ಯೋಚಿಸಿ ನೋಡಿದರೆ ಈ ಹವ್ಯಾಸ ಹುಟ್ಟಿದ್ದೇ ಹಾಗೆ. 1888ರಲ್ಲಿ ಜಾರ್ಜ್ ಈಸ್ಟ್‌ಮನ್ ಕೊಡಕ್ ಕ್ಯಾಮರಾ ತಂದಾಗ ಜಾಹೀರಾತಿನಲ್ಲಿ ಕೊಟ್ಟ ಮಾತು, ಗುಂಡಿ ಒತ್ತುವುದು ನಿಮ್ಮ ಕೆಲಸ, ಉಳಿದದ್ದು ನಮ್ಮದು ಎಂದು. ನೂರು ಚಿತ್ರ ಮುಗಿದ ಮೇಲೆ ಕ್ಯಾಮರಾವನ್ನೇ ಕಾರ್ಖಾನೆಗೆ ಕಳಿಸುವುದು; ಅವರು ತೊಳೆದು, ಪ್ರಿಂಟು ಹಾಕಿ, ಹೊಸ ಫಿಲ್ಮು ತುಂಬಿ ವಾಪಸು ಕೊಡುವುದು. ಗಾಜಿನ ಪ್ಲೇಟು, ರಾಸಾಯನಿಕದ ಬಾಟಲಿ ಹೊತ್ತು ತಿರುಗಬೇಕಾಗಿದ್ದ ಕಾಲದಲ್ಲಿ ಆ ಮಾತಿನಿಂದಲೇ ಸಾಮಾನ್ಯ ಜನರ ಕೈಗೆ ಕ್ಯಾಮರಾ ಬಂತು. ಯಂತ್ರ ಬಂದದ್ದರಿಂದ ಹವ್ಯಾಸ ಕೆಟ್ಟಿತು ಎಂದು ಹೇಳುವವರ ಜೊತೆ ಅದಕ್ಕೇ ನಾನು ಸೇರುವುದಿಲ್ಲ.

ಹೈಸ್ಕೂಲು ಮುಗಿದ ಬೇಸಿಗೆ ರಜೆಯಲ್ಲಿ ಬದಿಯಡ್ಕ ಪೇಟೆಯ ಸ್ಟುಡಿಯೋ ಒಂದಕ್ಕೆ ಕೆಲಸ ಕಲಿಯಲು ಸೇರಿದೆ. ಒಳಗೆ ಕೋಣೆಯ ಒಂದು ಮೂಲೆಯನ್ನು ಕಪ್ಪು ಬಟ್ಟೆಯಿಂದ ಮುಚ್ಚಿ ಡಾರ್ಕ್‌ರೂಮು ಮಾಡಿದ್ದರು. ಕೆಂಪು ಬಲ್ಬು, ಮೂರು ತಟ್ಟೆ, ಹೈಪೋದ ವಾಸನೆ. ಕಾಗದ ಮತ್ತು ಫಿಲ್ಮು ಹೆಚ್ಚಾಗಿ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು'. ಬಿಳಿ ಕಾಗದವನ್ನು ಡೆವಲಪರಿಗೆ ಮುಳುಗಿಸಿ ತಟ್ಟೆಯನ್ನು ಮೆಲ್ಲ ಅಲುಗಾಡಿಸುತ್ತಿದ್ದರೆ ಮೊದಲು ಬರುವುದು ಕೂದಲು, ಆಮೇಲೆ ಕಣ್ಣು, ಕೊನೆಗೆ ಕೆನ್ನೆ. ಆ ಕ್ರಮ ನನಗೆ ಈಗಲೂ ಕನಸಿನಲ್ಲಿ ಬರುತ್ತದೆ.

ಸ್ಟುಡಿಯೋದ ಯಜಮಾನರನ್ನು ನಾವೆಲ್ಲ ಅಣ್ಣ ಎಂದೇ ಕರೆಯುತ್ತಿದ್ದೆವು. ಕಿಟಕಿಗೆ ಓರೆಯಾಗಿ ಒಂದು ಮರದ ಚೌಕಟ್ಟು ಇಟ್ಟು, ಅದರ ಮೇಲೆ ನೆಗೆಟಿವ್ ಇಟ್ಟು, ಸೂಜಿಯಂತೆ ಹೆರೆದ ಪೆನ್ಸಿಲಿನಲ್ಲಿ ಅವರು ಟಚಿಂಗ್ ಮಾಡುತ್ತಿದ್ದರು. ಸಿಡುಬಿನ ಕಲೆ, ಕಣ್ಣಿನ ಕೆಳಗಿನ ಕಪ್ಪು, ಮೊಡವೆ, ಎಲ್ಲ ಆ ಪೆನ್ಸಿಲಿಗೆ ಹೋಗುತ್ತಿತ್ತು. ಅಳಿಯ ಹೇಳಿದ್ದು ಸುಳ್ಳಲ್ಲ, ಅಜ್ಜಿಯ ಕಲೆ ತೆಗೆದದ್ದು ಅವರೇ. ಆದರೆ ಒಂದು ಸಂಗತಿ ನೆನಪಿಗೆ ಬಂತು. ಒಮ್ಮೆ ಪೆರ್ಲದ ಕಡೆಯ ಒಬ್ಬ ಹೆಂಗಸು ಸಂಬಂಧ ಕೇಳುವವರಿಗೆ ಕಳಿಸಲು ಮಗಳ ಫೋಟೋ ತೆಗೆಸಿದ್ದರು. ಹುಡುಗಿಯ ತುಟಿಯ ಮೇಲೊಂದು ಮಚ್ಚೆ. ಅಣ್ಣ ಪೆನ್ಸಿಲು ಹಿಡಿದವರು ನಿಲ್ಲಿಸಿ, ಎದ್ದು ಹೊರಗೆ ಹೋಗಿ, ಹುಡುಗಿಯನ್ನೇ ಕೇಳಿದರು: "ಮಗಾ, ಇದು ಇರ್ಲಾ, ತೆಗೀಲಾ?" ಅವಳು "ಇರ್ಲಿ" ಎಂದಳು. ಒಳಗೆ ಬಂದು ಮಚ್ಚೆಯ ಸುತ್ತಲಿನದ್ದನ್ನೆಲ್ಲ ಸರಿಮಾಡಿ, ಮಚ್ಚೆಯನ್ನು ಬಿಟ್ಟರು.

ಅಳಿಯನಿಗೆ ನಾನು ಕೊಟ್ಟ ಉತ್ತರ ಇದೇ. ಬದಲಾಯಿಸುತ್ತಿದ್ದೆವು, ಹೌದು. ಬದಲಾಯಿಸುವ ಕೈಗೆ ಆ ಮುಖ ಯಾರದ್ದೆಂದು ಗೊತ್ತಿತ್ತು, ಸಂಶಯ ಬಂದರೆ ಎದ್ದು ಹೋಗಿ ಕೇಳುವಷ್ಟು ಹತ್ತಿರದಲ್ಲಿ ಆ ಮುಖ ಕೂತಿತ್ತು.

ಹಾಗಾದರೆ ಫೋನಿಗೆ ಗೊತ್ತಿರುವುದೇನು? ಇದನ್ನು ನಾನು ಶಾಲೆಯ ಮಕ್ಕಳಿಗೆ ಬೆಳಕು ಅಳೆಯುವ ಕ್ಯಾಮರಾದ ಮೀಟರಿನಿಂದ ಶುರುಮಾಡಿ ಹೇಳುತ್ತೇನೆ. ಎದುರಿನ ದೃಶ್ಯ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸರಾಸರಿ ಶೇಕಡಾ 18ರಷ್ಟನ್ನು ಹಿಂದಕ್ಕೆ ಕಳಿಸುತ್ತದೆ ಎಂಬ ಲೆಕ್ಕದಲ್ಲಿ ಮೀಟರು ನಡೆಯುತ್ತದೆ. ಅಂದರೆ ಅದರ ಮಟ್ಟಿಗೆ ಲೋಕವೆಲ್ಲ ಬೂದು. ಅಂಗಳದಲ್ಲಿ ಒಣಹಾಕಿದ ಬಿಳಿ ಪಂಚೆಯನ್ನು ತೋರಿಸಿದರೆ ಅದನ್ನೂ ಬೂದು ಮಾಡಲು ನೋಡುತ್ತದೆ. ಕಪ್ಪು ಎಮ್ಮೆಯನ್ನು ತೋರಿಸಿದರೆ ಅದನ್ನೂ ಬೂದು. ನಮ್ಮ ಅಡಿಕೆ ತೋಟದಲ್ಲಿ ಇದರ ಪೇಚು ಇನ್ನೂ ಹೆಚ್ಚು. ಸೋಗೆಗಳ ನಡುವಿನಿಂದ ಬಿಸಿಲು ತುಂಡು ತುಂಡಾಗಿ ಬೀಳುತ್ತದೆ. ಒಂದು ಹೆಜ್ಜೆ ಆಚೆ ಕಣ್ಣು ಕುಕ್ಕುವ ಬೆಳಕು, ಈಚೆ ಗವ್ವೆನ್ನುವ ನೆರಳು. ಅಲ್ಲಿ ಕೊಯ್ಲಿನವನ ಮುಖ ಬೇಕೋ, ಅವನ ಬೆನ್ನ ಮೇಲಿನ ಬಿಸಿಲು ಬೇಕೋ, ಎರಡೂ ಫಿಲ್ಮಿನಲ್ಲಿ ಹಿಡಿಯದು; ಒಂದನ್ನು ಬಿಡಬೇಕು. ಯಾವುದನ್ನು ಬಿಡಬೇಕು ಎಂದು ಆಯುವುದರಲ್ಲೇ ನಾನು ಈ ಕೆಲಸದ ಅರ್ಧಪಾಲು ಕಲಿತದ್ದು.

ಮೀಟರು ಆಮೇಲೆ ಜಾಣವಾಯಿತು. 1983ರಲ್ಲಿ ನಿಕಾನ್ ಎಫ್‌ಎ ಚೌಕಟ್ಟನ್ನು ಐದು ಭಾಗ ಮಾಡಿ ಒಂದೊಂದನ್ನೂ ಅಳೆದು ಹೋಲಿಸಿತು. ಈಗಿನ ಫೋನು ಗುಂಡಿ ಒಂದು ಸಲ ಒತ್ತಿದರೆ ಹಲವು ಚಿತ್ರ ತೆಗೆದು, ಒಂದರ ಬೆಳಕಿನ ಜಾಗಕ್ಕೆ ಇನ್ನೊಂದರ ನೆರಳಿನ ಜಾಗ ಹೊಂದಿಸಿ ಹೊಲಿಯುತ್ತದೆ. 2018ರಲ್ಲಿ ಗೂಗಲ್ ತಂದ ನೈಟ್ ಸೈಟ್ ಕೈಯಲ್ಲಿ ಹಿಡಿದ ಫೋನಿನಲ್ಲೇ 15ರವರೆಗೆ ಚಿತ್ರ ಕೂಡಿಸಿ ಕತ್ತಲನ್ನು ತೆಗೆಯುತ್ತಿತ್ತು. ವಿಜ್ಞಾನದ ದೃಷ್ಟಿಯಿಂದ ಇದು ದೊಡ್ಡ ಸಾಧನೆ, ನನಗೆ ಅದರ ಬಗ್ಗೆ ಗೌರವವೇ ಇದೆ. ಆದರೆ ಹಲವು ಚಿತ್ರದ ಸರಾಸರಿ, ಅದರ ಮೇಲೆ ಲಕ್ಷಗಟ್ಟಲೆ ಚಿತ್ರ ನೋಡಿ ಕಲಿತ ಬುದ್ಧಿಯ ಸರಾಸರಿ. ಮುಖ ಎಂದರೆ ಹೀಗೆ, ರಾತ್ರಿ ಎಂದರೆ ಹೀಗೆ, ಆಕಾಶ ಎಂದರೆ ಹೀಗೆ. ಆ ಲೆಕ್ಕದಲ್ಲಿ ಚುಟ್ಟಿ ಇಟ್ಟ ಮುಖ ಎಷ್ಟು ಇದ್ದೀತು?

ಸರಾಸರಿ ಎಲ್ಲಿ ಸೋಲುತ್ತದೆ ಎಂದು ನೋಡಬೇಕಾದರೆ ಬಣ್ಣದ ವೇಷ ರಂಗಸ್ಥಳಕ್ಕೆ ಬರುವ ಹೊತ್ತಿಗೆ ನಮ್ಮೂರಿಗೆ ಬರಬೇಕು. ಚೆಂಡೆ ಏರುತ್ತದೆ. ಸಭೆಯ ಹಿಂದಿನಿಂದ ಎರಡು ದೊಂದಿ ಹಿಡಿದು ವೇಷ ಬರುತ್ತದೆ. ಪಕ್ಕದಲ್ಲಿರುವವರು ದೊಂದಿಗೆ ರಾಳದ ಪುಡಿ ಎಸೆಯುತ್ತಾರೆ. ಭಗ್ಗೆಂದು ಬೆಂಕಿ ಆಳೆತ್ತರಕ್ಕೆ ಏಳುತ್ತದೆ, ಒಂದು ಕ್ಷಣ ಆ ಕೆಂಪು ಮುಖ, ಚುಟ್ಟಿಯ ಮುಳ್ಳು, ಕಿರೀಟದ ಅಂಚು ಹೊತ್ತಿಕೊಂಡಂತೆ ಕಾಣುತ್ತದೆ, ಮರುಕ್ಷಣ ಕತ್ತಲು. ಮಕ್ಕಳು ತಾಯಿಯ ಸೆರಗಿನ ಹಿಂದೆ ಅಡಗುವುದು ಆಗಲೇ. ಆ ಹೆದರಿಕೆ ಇರುವುದು ಬೆಳಕಿನಲ್ಲಿ ಅಲ್ಲ, ಅದರ ಹಿಂದಿನ ಕತ್ತಲಲ್ಲಿ. ನೈಟ್ ಮೋಡಿನಲ್ಲಿ ತೆಗೆದರೆ ಎದ್ದ ಬೆಂಕಿ, ಇಳಿದ ಬೆಂಕಿ ಎರಡೂ ಒಂದೇ ಚಿತ್ರಕ್ಕೆ ಸೇರಿ, ಹದವಾದ ಒಂದು ದೀಪದಂತೆ ಆಗುತ್ತದೆ. ಹಿಂದೆ ನಿಂತ ಐಸ್‌ಕ್ರೀಮು ಗಾಡಿಯೂ ನಿಚ್ಚಳವಾಗಿ ಕಾಣುತ್ತದೆ.

ನಾನು ಇಲ್ಲಿ ಮಾಡುವುದು ಹೀಗೆ. ಎಲ್ಲವನ್ನೂ ಕೈಯಲ್ಲೇ ಇಟ್ಟುಕೊಳ್ಳುತ್ತೇನೆ. ರಾಳದ ಬೆಳಕಿಗೆ ಸರಿಹೋಗುವ ಅಪರ್ಚರು, ಶಟರು ಮೊದಲೇ ಇಟ್ಟು, ದೊಂದಿಯ ಬರಿಯ ಬೆಳಕಿನಲ್ಲಿ ಚಿತ್ರ ಕಪ್ಪಾದರೆ ಆಗಲಿ ಎಂದು ಬಿಡುತ್ತೇನೆ. ಬೆಳಕಿಗೆ ತಕ್ಕ ಹಾಗೆ ಬಣ್ಣ ಸರಿಮಾಡುವ ವೈಟ್ ಬ್ಯಾಲೆನ್ಸನ್ನು ತಾನಾಗಿ ನಡೆಯಲು ಬಿಡುವುದಿಲ್ಲ, ಬಿಟ್ಟರೆ ಬೆಂಕಿಯ ಕೆಂಪನ್ನೇ ತೊಳೆದುಹಾಕುತ್ತದೆ. ಈಗ ರಂಗಸ್ಥಳಕ್ಕೆ ಎಲ್‌ಇಡಿ ಬಂದ ಮೇಲೆ ಇನ್ನೊಂದು ತೊಡಕು: ನಮ್ಮ ಕರೆಂಟು 50 ಹರ್ಟ್ಸಿನದ್ದು, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರು ಸಾಲು ಸಾಲಾಗಿ ಓದುವಾಗ ವೇಷದ ಮೈಮೇಲೆ ಅಡ್ಡಪಟ್ಟೆ ಬೀಳುತ್ತದೆ. ಶಟರನ್ನು 1/50 ಅಥವಾ 1/100 ಸೆಕೆಂಡಿಗೆ ತಂದರೆ ಪಟ್ಟೆ ಮಾಯ. ಹವ್ಯಾಸಕ್ಕೆ ಹೊಸದಾಗಿ ಬರುವವರಿಗೆ ಇಷ್ಟನ್ನಾದರೂ ಹೇಳಿಕೊಡಬೇಕೆಂದು ನನಗೆ ಆಸೆ.

ಯಂತ್ರಕ್ಕೆ ನಾನು ಎಷ್ಟು ಋಣಿ ಎಂದೂ ಹೇಳಬೇಕು. ನಲವತ್ತೈದು ದಾಟುವಾಗ ಚಾಳೀಸು ಬಂತು. ಮ್ಯಾನುವಲ್ ಪೆಂಟಾಕ್ಸ್ ಕೆ1000ರಲ್ಲಿ ಫೋಕಸ್ ರಿಂಗು ತಿರುಗಿಸುತ್ತ ತಿರುಗಿಸುತ್ತ ವೇಷ ಕುಣಿದು ಮುಗಿಯುತ್ತಿತ್ತು. ಮನೆಗೆ ಬಂದು ನೋಡಿದರೆ ಕಣ್ಣಿನ ಬದಲು ಕಿವಿಯ ಕರ್ಣಕುಂಡಲ ಸ್ಪಷ್ಟ. ಇನ್ನು ಸಾಕು ಎಂದು ಕ್ಯಾಮರಾವನ್ನು ಕಪಾಟಿಗೆ ಹಾಕಿದ್ದೆ. ನಮ್ಮ ಮಳೆಗೆ ಕಪಾಟಿನಲ್ಲಿಟ್ಟ ಲೆನ್ಸು ಉಳಿಯುತ್ತದೆಯೇ? ಎರಡು ಮಳೆಗಾಲ ಕಳೆಯುವುದರೊಳಗೆ ಗಾಜಿನೊಳಗೆ ಜೇಡನ ಬಲೆಯಂತೆ ಫಂಗಸ್ ಕಟ್ಟಿತ್ತು. ಅದನ್ನು ನೋಡಿದ ದಿನ ಅತ್ತಿದ್ದೇನೆ. ಆಮೇಲೆ ಕಣ್ಣು ಗುರುತಿಸಿ ತಾನಾಗಿ ಫೋಕಸ್ ಹಿಡಿಯುವ ಮಿರರ್‌ಲೆಸ್ ಕ್ಯಾಮರಾ ಕೊಂಡೆ. 1977ರಲ್ಲಿ ಕೋನಿಕಾ ಸಿ35 ಎಎಫ್, 1985ರಲ್ಲಿ ಮಿನೋಲ್ಟಾ 7000, ಅಲ್ಲಿಂದ ಮುಂದೆ ಎಷ್ಟೋ ಎಂಜಿನಿಯರುಗಳು ದುಡಿದದ್ದು ನನ್ನಂಥವನ ಕಣ್ಣಿಗಾಗಿ ಎಂದೇ ನನಗೆ ಅನಿಸುತ್ತದೆ. ಕುಣಿಯುವ ವೇಷದ ಕಣ್ಣನ್ನು ಅದು ಬಿಡದೆ ಹಿಡಿಯುವಾಗ ನನಗೆ ಚೌಕಟ್ಟಿನ ಕಡೆ, ಬೆಳಕಿನ ಕಡೆ ನೋಡಲು ಪುರುಸೊತ್ತು ಸಿಗುತ್ತದೆ.

ನನಗಿಂತ ಹೆಚ್ಚು ಪಡೆದವರು ನಮ್ಮ ಪಕ್ಕದ ಮನೆಯ ಅಕ್ಕ. ಬೀಡಿ ಕಟ್ಟುವವರು. ನಮ್ಮ ಕಾಲದಲ್ಲಿ ಒಂದು ರೋಲು, ಅದನ್ನು ತೊಳೆಸುವ, ಪ್ರಿಂಟು ಹಾಕಿಸುವ ಖರ್ಚು ಎಂದರೆ ಸಂಬಳದವನಾದ ನನಗೇ ತಿಂಗಳಿಗೆ ಒಂದಕ್ಕಿಂತ ಹೆಚ್ಚು ಕೈಗೆಟುಕುತ್ತಿರಲಿಲ್ಲ. ಹೆಂಗಸರ ಕೈಗೆ ಕ್ಯಾಮರಾ ಕೊಡುವ ಮನೆಯೂ ಅಪರೂಪ. ಈಗ ಆ ಅಕ್ಕ ಮಗನ ಹಳೆಯ ಫೋನಿನಲ್ಲಿ ಅಣಬೆಯ ಚಿತ್ರ ತೆಗೆಯುತ್ತಾರೆ. ಬೀಡಿ ಬ್ರಾಂಚಿಗೆ ಹೋಗುವ ಕಟ್ಟಪುಣಿಯ ಬದಿಯಲ್ಲಿ, ಆಟಿ ತಿಂಗಳ ಮಳೆಯಲ್ಲಿ, ಅಡಿಕೆಯ ಕೊಳೆತ ಬುಡದಲ್ಲಿ ಹುಟ್ಟುವ, ಒಂದೇ ದಿನ ಬದುಕುವ ಅಣಬೆಗಳು. ಐಎಸ್‌ಒ ಎಂದರೆ ಏನೆಂದು ಅವರಿಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಯಾವ ಬುಡದಲ್ಲಿ ನಾಳೆ ಏಳುತ್ತದೆ ಎಂದು ಗೊತ್ತು. ಬೆಳಗ್ಗೆ ಏಳೂವರೆಗೆ ಅಲ್ಲಿಗೆ ಬಿಸಿಲಿನ ಒಂದು ಕೋಲು ಬೀಳುತ್ತದೆ ಎಂದೂ ಗೊತ್ತು. ಅವರ ಚಿತ್ರಗಳ ಎದುರು ನಾನು ತುಂಬ ಹೊತ್ತು ನಿಂತಿದ್ದೇನೆ. ಲೆಕ್ಕವೆಲ್ಲ ಫೋನಿನದ್ದು, ದಿನಾ ನಡೆದ ದಾರಿ ಅವರದ್ದು.

ಅದಕ್ಕೇ ನನ್ನ ಮನಸ್ಸಿನಲ್ಲಿ ಒಂದು ಗೆರೆ ಎಳೆದುಕೊಂಡಿದ್ದೇನೆ. ನನ್ನ ಕೈ ಮಾಡಬೇಕಾದದ್ದನ್ನು ಯಂತ್ರ ಮಾಡಲಿ. ನೋಡುವುದನ್ನು, ಆಯುವುದನ್ನು ನಾನು ಬಿಟ್ಟುಕೊಡುವುದಿಲ್ಲ. ಆದರೆ ಆ ಗೆರೆ ಎಲ್ಲಿ ಬೀಳುತ್ತದೆ ಎಂಬುದು ಯಾವಾಗಲೂ ಸುಲಭಕ್ಕೆ ಗೊತ್ತಾಗುವುದಿಲ್ಲ.

ಆಯುವ ಕೆಲಸವನ್ನೇ ತೆಗೆದುಕೊಳ್ಳಿ. ಫಿಲ್ಮಿನ ಕಾಲದಲ್ಲಿ 36 ಚಿತ್ರದ ಒಂದು ರೋಲು ಷಷ್ಠಿಯಿಂದ ಶಿವರಾತ್ರಿಯವರೆಗೆ ಬರುತ್ತಿತ್ತು. ಈಗ ಒಂದೇ ಆಟಕ್ಕೆ ಸಾವಿರ ದಾಟುತ್ತದೆ. ಮನೆಯಲ್ಲಿ ಅಡಿಕೆ ಆಯುವುದು ಗೊತ್ತಿದ್ದವರಿಗೆ ಈ ಕೆಲಸ ಹೊಸತಲ್ಲ: ಇದು ಒಳ್ಳೆಯದು, ಇದು ಪಟೋರ, ಇದು ಕರಿಗೋಟು ಎಂದು ಕೈ ತಾನೇ ರಾಶಿ ಮಾಡುತ್ತದೆ. ಈಗ ಆಯುವುದಕ್ಕೂ ಸಾಫ್ಟ್‌ವೇರು ಬಂದಿದೆ. ಕಣ್ಣು ಮುಚ್ಚಿದ್ದು, ಅಲುಗಿದ್ದು, ಒಂದೇ ಥರದ್ದು, ಎಲ್ಲವನ್ನೂ ಬೇರೆ ಮಾಡಿಕೊಡುತ್ತದೆ. ಒಮ್ಮೆ ನಾನೂ ಉಪಯೋಗಿಸಿದೆ. ಅದು ಮಸುಕು ಎಂದು ಕಸಕ್ಕೆ ಹಾಕಿದ ರಾಶಿಯನ್ನು ಸುಮ್ಮನೆ ಒಮ್ಮೆ ತೆರೆದು ನೋಡಿದರೆ ಅಲ್ಲಿತ್ತು ಆ ರಾತ್ರಿಯ ಅತ್ಯುತ್ತಮ ಚಿತ್ರ. ಪುಂಡುವೇಷದ, ಅಂದರೆ ತರುಣ ವೀರನ ಪಾತ್ರದ, ದಿಗಿಣ; ಹಾರಿ ಸುತ್ತುವ ಕುಣಿತ. ಹುಡುಗ ಸುತ್ತುವ ರಭಸಕ್ಕೆ ಉಡುಗೆಯ ಬಣ್ಣಗಳು ಬುಗುರಿಯ ಗೆರೆಗಳಂತೆ ಸುತ್ತಿಕೊಂಡಿದ್ದವು, ಮುಖ ಎಲ್ಲಿದೆ ಎಂದೇ ತಿಳಿಯದು, ಒಂದು ಪಾದ ಮಾತ್ರ ನೆಲ ಮುಟ್ಟಿದ ಕ್ಷಣದಲ್ಲಿ ಗೆಜ್ಜೆ ಸಮೇತ ಸ್ಥಿರ. ಶಟರನ್ನು 1/15 ಸೆಕೆಂಡಿಗೆ ಇಟ್ಟು ಬೇಕೆಂದೇ ತೆಗೆದದ್ದು. ಅಂದಿನಿಂದ ಆಯುವುದು ನಾನೇ. ಎರಡು ರಾತ್ರಿ ಹೋಗುತ್ತದೆ, ಹೋಗಲಿ.

ಇನ್ನೊಂದು, ಮಿಂಚುಳ್ಳಿಯದ್ದು. ಪಯಸ್ವಿನಿ ಹೊಳೆಯ ಬದಿಯಲ್ಲಿ ಬಾಗಿದ ಒಂದು ಕೊಂಬೆ ಇದೆ. ಅಲ್ಲಿಂದ ಮಿಂಚುಳ್ಳಿ ನೀರಿಗೆ ಬೀಳುವುದನ್ನು ಹಿಡಿಯಬೇಕೆಂದು ಮೂರು ಬೇಸಿಗೆ ಕೂತಿದ್ದೆ. ಸಿಕ್ಕಿದ್ದು ಬರೀ ನೀರಿನ ಚಿಮ್ಮು. ಗುಂಡಿ ಒತ್ತುವಾಗ ಹಕ್ಕಿ ಹೋಗಿ ಆಗಿರುತ್ತಿತ್ತು. ಆದರೆ ಮೂರನೇ ಬೇಸಿಗೆಯಲ್ಲಿ ಒಂದು ವಿಷಯ ಕಂಡುಕೊಂಡೆ: ಹಾರುವ ಮೊದಲು ಅದು ತಲೆಯನ್ನು ಮೇಲೆ ಕೆಳಗೆ ಆಡಿಸುತ್ತದೆ, ನೀರಿನೊಳಗಿನ ಮೀನು ಎಷ್ಟು ಆಳದಲ್ಲಿದೆ ಎಂದು ಅಂದಾಜು ಮಾಡುವ ಹಾಗೆ. ಆಮೇಲೆ ಗರಿ ಮೈಗೆ ಒತ್ತಿಕೊಳ್ಳುತ್ತದೆ. ಆಗ ಒತ್ತಬೇಕು. ಕಳೆದ ವರ್ಷ ಗೆಳೆಯನೊಬ್ಬ ತನ್ನ ಹೊಸ ಕ್ಯಾಮರಾ ಕೊಟ್ಟ. ಅದರಲ್ಲಿ ಪ್ರಿ-ಕ್ಯಾಪ್ಚರ್ ಇತ್ತು. ಗುಂಡಿ ಅರ್ಧ ಒತ್ತಿ ಹಿಡಿದರೆ ಕ್ಯಾಮರಾ ತೆಗೆಯುತ್ತ, ಹಳತನ್ನು ಬಿಡುತ್ತ ಇರುತ್ತದೆ. ಪೂರ್ತಿ ಒತ್ತಿದಾಗ, ಒತ್ತುವ ಮೊದಲೇ ಆಗಿಹೋದದ್ದನ್ನೂ ಉಳಿಸಿಕೊಡುತ್ತದೆ. ಒಲಿಂಪಸ್ 2016ರಲ್ಲೇ ಇಂಥದ್ದನ್ನು ತಂದಿತ್ತು. ಹತ್ತೇ ನಿಮಿಷದಲ್ಲಿ ಸಿಕ್ಕಿತು. ಕೊಕ್ಕು ನೀರಿಗೆ ತಾಗುವ ಚಿತ್ರ, ಹನಿ ಹನಿ ಸ್ಪಷ್ಟ. ನನ್ನ ಸಂತೋಷ ಸುಳ್ಳಲ್ಲ. ಆದರೆ ಇದೇ ಕ್ಯಾಮರಾ ಮೊದಲೇ ಕೈಗೆ ಬಂದಿದ್ದರೆ ಆ ತಲೆ ಆಡಿಸುವುದನ್ನು ನಾನು ಯಾವತ್ತೂ ನೋಡುತ್ತಿರಲಿಲ್ಲ. ಯಂತ್ರಕ್ಕೆ ಆಗದೆ ಇದ್ದದ್ದರಿಂದ ನಾನು ಹಕ್ಕಿಯನ್ನು ಕಲಿತೆ. ಆ ಚಿತ್ರವನ್ನು ಈವರೆಗೆ ಪ್ರಿಂಟು ಹಾಕಿಸಿಲ್ಲ. ಇಲ್ಲಿ ಗೆರೆ ಎಲ್ಲಿ ಎಳೆಯಬೇಕು ಎಂದು ಇನ್ನೂ ತೀರ್ಮಾನವಾಗಿಲ್ಲ.

ತೀರ್ಮಾನವಾಗಿರುವುದು ಒಂದರ ಬಗ್ಗೆ. ಇಲ್ಲದ್ದನ್ನು ಸೇರಿಸುವುದು. 2023ರಲ್ಲಿ ಒಬ್ಬರು ಬೇಕೆಂದೇ ಮಸುಕು ಮಾಡಿದ ಚಂದ್ರನ ಚಿತ್ರವನ್ನು ಕಂಪ್ಯೂಟರ್ ಪರದೆಯ ಮೇಲೆ ಇಟ್ಟು, ಕತ್ತಲ ಕೋಣೆಯಿಂದ ಒಂದು ಪ್ರಸಿದ್ಧ ಕಂಪನಿಯ ಫೋನಿನಲ್ಲಿ ತೆಗೆದಾಗ, ಪರದೆಯಲ್ಲಿ ಇಲ್ಲದ ಕುಳಿಗಳು ಫೋನಿನ ಚಿತ್ರದಲ್ಲಿ ಮೂಡಿದವು. ಅದೇ ವರ್ಷ ಜರ್ಮನಿಯ ಬೋರಿಸ್ ಎಲ್ಡಾಗ್ಸನ್ ಸೋನಿ ವರ್ಲ್ಡ್ ಫೋಟೋಗ್ರಫಿ ಅವಾರ್ಡ್ಸ್‌ನಲ್ಲಿ ಬಹುಮಾನ ಬಂದ ತನ್ನ ಚಿತ್ರ ಎಐ ಮಾಡಿದ್ದು ಎಂದು ಹೇಳಿ ಬಹುಮಾನ ಬೇಡವೆಂದರು.

ದೂರದ ಸುದ್ದಿ ಬಿಡಿ, ಅನಂತಪುರದ ಸಂಗತಿಗೆ ಬರುತ್ತೇನೆ. ಕುಂಬಳೆಯಿಂದ ಹೆಚ್ಚು ದೂರವಿಲ್ಲದ ಅನಂತಪುರದ ಸರೋವರ ಕ್ಷೇತ್ರದಲ್ಲಿ ಬಬಿಯ ಎಂಬ ಮೊಸಳೆ ಇತ್ತು. ಪೂಜೆಯ ನೈವೇದ್ಯ ತಿಂದು, ಯಾರಿಗೂ ತೊಂದರೆ ಕೊಡದೆ ಬದುಕಿ 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು. ನನ್ನ ಹತ್ತಿರ ತೊಂಬತ್ತರ ದಶಕದ ಒಂದು ಚಿತ್ರ ಇದೆ. ಹಸಿರು ನೀರು, ಅದರಲ್ಲಿ ಎರಡು ಕಣ್ಣು ಮತ್ತು ಮೂಗಿನ ತುದಿ. ಅಷ್ಟೇ. ಬೇರೆ ಯಾರಿಗಾದರೂ ತೋರಿಸಿದರೆ ತೇಲುವ ತೆಂಗಿನ ಗೆರಟೆ ಎಂದಾರು. ಬಬಿಯ ಹೋದ ಒಂದೆರಡು ವರ್ಷಗಳ ಮೇಲೆ ವಾಟ್ಸಾಪಿನಲ್ಲಿ ಒಂದು ಚಿತ್ರ ಬಂತು, ಯಾರೋ ಎಐಗೆ ಹೇಳಿ ಮಾಡಿಸಿದ್ದು. ಹಾರ ಹಾಕಿಕೊಂಡ ದೊಡ್ಡ ಮೊಸಳೆ, ಕನ್ನಡಿಯಂಥ ನೀಲಿ ನೀರು, ಹಿಂದೆ ಮುಗಿಲೆತ್ತರದ ಗೋಪುರ. ಅನಂತಪುರದಲ್ಲಿ ಅಂಥ ಗೋಪುರ ಎಲ್ಲಿದೆ? ನೀರ ನಡುವೆ ಪುಟ್ಟ ಗರ್ಭಗುಡಿ, ಸುತ್ತಲೂ ಮುರಕಲ್ಲು. ಯಂತ್ರ ತನಗೆ ಗೊತ್ತಿದ್ದ ಸರಾಸರಿ ದೇವಸ್ಥಾನವನ್ನು ತಂದು ಅಲ್ಲಿ ನಿಲ್ಲಿಸಿತ್ತು. ನಮ್ಮದೇ ಊರಿನ, ಆ ಗುಡಿಗೆ ನೂರು ಸಲ ಹೋದ ಜನ ಅದಕ್ಕೆ ಕೈಮುಗಿಯುವ ಗುರುತು ಹಾಕಿ ಮುಂದೆ ಕಳಿಸಿದ್ದರು. ನನಗೆ ನಿಜಕ್ಕೂ ದುಃಖವಾಯಿತು.

ಕಾಸರಗೋಡಿನವರಾದ ನಾವು ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಎಣ್ಮಕಜೆ ಮತ್ತು ಸುತ್ತಲಿನ ಊರುಗಳ ಗೇರು ತೋಟಗಳಿಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. 2000ದಲ್ಲಿ ಸಿಂಪಡಣೆ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟು ನಿಷೇಧಿಸಿತು. ನಡುವಿನ ವರ್ಷಗಳಲ್ಲಿ ಹೊರಗಿನ ಲೋಕ ನಮ್ಮ ಕಡೆ ತಿರುಗಿ ನೋಡುವಂತೆ ಮಾಡಿದ್ದರಲ್ಲಿ ಮಲಯಾಳಂ ಪತ್ರಿಕೆ ಮಾತೃಭೂಮಿಯ ಛಾಯಾಗ್ರಾಹಕ ಮಧುರಾಜ್ ಕಾಯಿಲೆಬಿದ್ದ ಮಕ್ಕಳ ಮನೆಗಳಿಗೆ ಹೋಗಿ ತೆಗೆದ ಚಿತ್ರಗಳ ಪಾಲು ದೊಡ್ಡದು. ಕಾರಣದ ಬಗ್ಗೆ ವಾದಗಳು ನಡೆದವು, ಸಮಿತಿಗಳು ಬಂದವು, ಹೋದವು. ಆ ಮಗು ಹಾಗಿಲ್ಲ, ಆ ತಾಯಿ ಹಾಗೆ ಕೂತಿಲ್ಲ ಎಂದು ಹೇಳಿದವರನ್ನು ನಾನು ಕಾಣೆ. ಚಿತ್ರ ಎಂದರೆ ಯಾರೋ ಅಲ್ಲಿಗೆ ಹೋಗಿ, ಎದುರು ನಿಂತು ತೆಗೆದದ್ದು ಎಂಬ ನಂಬಿಕೆ ಆಗ ಇತ್ತು. ಇಂದು ಅಂಥದ್ದೇ ಒಂದು ಸಂಕಟ ಒಂದು ಮೂಲೆಯ ಊರಿಗೆ ಬಂದು, ಯಾರೋ ಒಂದು ಚಿತ್ರ ತಂದು ತೋರಿಸಿದರೆ, "ಇದು ಎಐ ಇರಬೇಕು" ಎಂದು ಪರದೆ ಸರಿಸುವುದು ಎಷ್ಟು ಸುಲಭ! ಚಂದಕ್ಕಾಗಿ ದಿನಾ ಸೇರಿಸುವ ಸುಳ್ಳುಗಳ ಸಾಲವನ್ನು ತೀರಿಸಬೇಕಾದವರು ಅಂಥ ಊರಿನವರು. 2023ರಲ್ಲಿ ಲೈಕಾ ಎಂ11-ಪಿ ಕ್ಯಾಮರಾ ಚಿತ್ರದ ಜೊತೆಗೇ ಅದು ಎಲ್ಲಿಂದ ಬಂತು ಎಂಬ ಗುರುತನ್ನು ಸೇರಿಸುವ ಏರ್ಪಾಡಿನೊಂದಿಗೆ ಬಂತು. ಅದು ಅಗ್ಗದ ಫೋನುಗಳಿಗೂ ಬರಲಿ ಎಂದು ಹಾರೈಸುತ್ತೇನೆ.

ಚೌಕಿಯ ಕಥೆಗೆ ವಾಪಸು ಬರುತ್ತೇನೆ. "ಒಂದೇ ಉಂಟಲ್ಲ?" ಎಂದು ಅವರು ಕೇಳಿದ ಮೇಲೆ ಅಳಿಯ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ಫೋನಿನ ಸೆಟ್ಟಿಂಗ್ ಹುಡುಕತೊಡಗಿದ. ಮುಖ ನುಣುಪು ಮಾಡುವುದು ಮೂರು ಮೆನುಗಳ ಒಳಗೆ ಅಡಗಿತ್ತು. ಅದನ್ನು ನಿಲ್ಲಿಸಿದ. ನೈಟ್ ಮೋಡು ನಿಲ್ಲಿಸಿದ. ಬಲ್ಬಿನ ಹಳದಿ ಉಳಿಯುವಂತೆ ಮಾಡುವುದು ಹೇಗೆಂದು ನನ್ನನ್ನು ಕೇಳಿದ, ಹೇಳಿದೆ. ನೆಲಕ್ಕೆ ಮೊಣಕೈ ಊರಿ, ಉಸಿರು ಹಿಡಿದು ಇನ್ನೊಂದು ತೆಗೆದ. ಹಿಂದಿನ ಗೋಡೆ ಕತ್ತಲಿಗೆ ಹೋಗಿತ್ತು. ನೆರಳಿನಲ್ಲಿ ಮರಳು ಉದುರಿಸಿದಂತೆ ನಾಯ್ಸ್ ಇತ್ತು. ಕೆನ್ನೆಯ ಮೇಲೆ ಮೂರು ಸುತ್ತು. ಮೂರನೆಯದು ಇನ್ನೂ ಹಸಿ, ಅದರ ಮೇಲೆ ಬಲ್ಬಿನ ಬೆಳಕು ಬೇರೆಯೇ ಥರ ಹೊಳೆಯುತ್ತಿತ್ತು. ಅವರು ಮತ್ತೆ ಎರಡು ಬೆರಳಲ್ಲಿ ಹಿಗ್ಗಿಸಿ, ಬೆರಳಿಟ್ಟು ಎಣಿಸಿದರು. ನಾನು ತೆಗೆದದ್ದನ್ನೂ ನೋಡಿದರು, ಅದರಲ್ಲಿ ಅವರ ಕೈ ಗಲ್ಲಕ್ಕೆ ಅಡ್ಡ ಬಂದಿತ್ತು. "ಹುಡುಗನದ್ದು ಇರ್ಲಿ. ಪೆಟ್ಟಿಗೆಗೆ ಅಂಟಿಸ್ಲಿಕ್ಕೆ ಒಂದು ಕಾಗದದಲ್ಲಿ ಮಾಡಿ ಕೊಡಿ ಮಾಸ್ಟ್ರೇ" ಎಂದರು.

ಪ್ರಿಂಟು ಹಾಕಿಸಲು ಮಂಗಳೂರಿಗೆ ಕೊಟ್ಟೆ. ಬಂದದ್ದು ನೋಡಿದರೆ ಹಳದಿ ಹೋಗಿ ಮತ್ತೆ ಬೆಳ್ಳಗೆ. ಲ್ಯಾಬಿನ ಮಿಷನ್ನೂ ತಾನಾಗಿ ಸರಿಮಾಡಿತ್ತು. ಎರಡನೇ ಸಲ ಕವರಿನ ಮೇಲೆ ದೊಡ್ಡದಾಗಿ 'ಕರೆಕ್ಷನ್ ಬೇಡ' ಎಂದು ಬರೆದು ಕೊಟ್ಟೆ. ಸರಿಯಾಗಿ ಬಂತು. ಏಪ್ರಿಲಿನಲ್ಲಿ ನೀರ್ಚಾಲಿನ ಹತ್ತಿರ ಆಟ ಇದ್ದಾಗ ಹೋಗಿ ಕೊಟ್ಟೆ. ಬಣ್ಣದ ಪೆಟ್ಟಿಗೆಯ ಮುಚ್ಚಳದ ಒಳಬದಿಯಲ್ಲಿ, ಕನ್ನಡಿಯ ಪಕ್ಕದಲ್ಲಿ, ನಾಲ್ಕು ಮೂಲೆಗೂ ಗೋಂದು ಹಚ್ಚಿ ಅಂಟಿಸಿದರು. ಮೇಳದ ತಿರುಗಾಟ ಮುಗಿಯುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಆ ಪೆಟ್ಟಿಗೆ ಅವರ ಮನೆಯ ಅಟ್ಟ ಸೇರಿದೆ. ಈಗ ಹೊರಗೆ ಜಡಿಮಳೆ. ನಿನ್ನೆ ಫೋನು ಮಾಡಿ, ಪೆಟ್ಟಿಗೆಯೊಳಗೆ ನಾನು ಕೊಟ್ಟ ಸಿಲಿಕಾ ಜೆಲ್ ಪೊಟ್ಟಣ ಬದಲಾಯಿಸಿದಿರಾ ಎಂದು ಕೇಳಿದೆ. "ಒಲೆ ಬದಿಯಲ್ಲಿ ಒಣಗ್ಲಿಕ್ಕೆ ಇಟ್ಟಿದ್ದೇನೆ, ನಾಳೆ ಹಾಕ್ತೇನೆ" ಎಂದರು.